ಮಗ್ಗದ ಖೋಲಿಯ ತನಕ ಒಂದು ತಂತಿ

ನಮ್ಮ ಮನೆಯ ಮಗ್ಗದ ಖೋಲಿಯಲ್ಲಿ ಈಗ ಮಗ್ಗ ಇಲ್ಲ. ಕುಣಿ ಮುಚ್ಚಿ ಮೇಲೆ ಶಹಾಬಾದ್ ಪರಸಿ ಹಾಸಿ ಹದಿನಾಲ್ಕು ವರ್ಷ ಆಯಿತು. ಮಾವನವರು ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ ಜಾಗದಲ್ಲೇ ನನ್ನ ಕಂಪ್ಯೂಟರ್ ಟೇಬಲ್ ಇದೆ. ನಾನು ಡಿಟಿಪಿ ಕೆಲಸ, ಅಂದರೆ ಅಚ್ಚಿಗೆ ಹೋಗುವ ಪುಟಗಳನ್ನು ಕಂಪ್ಯೂಟರಿನಲ್ಲಿ ಸಿದ್ಧ ಮಾಡುವ ಕೆಲಸ ಮಾಡುತ್ತೇನೆ. ಗದಗಕ್ಕೆ ಮುದ್ರಣ ಕಾಶಿ ಅನ್ನುತ್ತಾರಲ್ಲ, ಆ ಕಾಶಿಯ ಒಂದು ಸಣ್ಣ ದೀಪ ಬೆಟಗೇರಿಯ ಈ ಖೋಲಿಯಲ್ಲೂ ಉರಿಯುತ್ತದೆ ಅಂತ ನನಗೆ ಅಭಿಮಾನ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್ ವರ್ಷವಿಡೀ ಇರುತ್ತವೆ. ದಸರೆ ಮುಗಿಯಿತೆಂದರೆ ಕ್ಯಾಲೆಂಡರ್ ಸುಗ್ಗಿ.

ಕಳೆದ ಸುಗ್ಗಿಯಲ್ಲೇ ನನ್ನ ತಾಳ್ಮೆ ಮುಗಿದದ್ದು. ನಾಲ್ಕು ಬಣ್ಣದ, ಹನ್ನೆರಡು ಹಾಳೆಯ ಕ್ಯಾಲೆಂಡರಿನ ಫೈಲು ಸುಮಾರು 300 ಎಂಬಿ ಇತ್ತು. ಪ್ರೆಸ್ಸಿನವರು ರಾತ್ರಿಯೇ ಪ್ಲೇಟ್ ಹೊಡೆಯಬೇಕೆಂದು ಕಾಯುತ್ತಿದ್ದರು. ಖೋಲಿಯಿಂದ ಕಳಿಸಲು ಕೊಟ್ಟರೆ ಮುಕ್ಕಾಲು ಗಂಟೆ ಮಿಕ್ಕಿ ತೋರಿಸುತ್ತಿತ್ತು, ನಡುವೆ ಹರಿದು ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಕೊನೆಗೆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಮಗನ ಲ್ಯಾಪ್‌ಟಾಪ್ ತೆಗೆದುಕೊಂಡು, ಇಂಟರ್‌ನೆಟ್ ಡಬ್ಬಿ ಇರುವ ಪಡಸಾಲಿಯಲ್ಲಿ ಮಲಗಿದ್ದ ಅತ್ತಿಯ ಹಾಸಿಗೆಯ ಪಕ್ಕ ಕತ್ತಲಲ್ಲಿ ಕೂತು ಕಳಿಸಿದೆ. ಅದು ಮೂರನೇ ರಾತ್ರಿ. ಎಪ್ಪತ್ತು ದಾಟಿದ ಜೀವ, ಪರದೆಯ ಬೆಳಕಿಗೆ ನಿದ್ದೆ ಹತ್ತದೆ ಹೊರಳಾಡುತ್ತಿತ್ತು. ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಹತ್ತಿಕೊಂಡಿತು.

ಮನೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮದು ಹಳೆಯ ಮಾಳಗಿ ಮನೆ. ಸಾಗವಾನಿ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ರೈಲು ಡಬ್ಬಿಯ ಹಾಗೆ ಒಂದರ ಹಿಂದೆ ಒಂದು ಖೋಲಿ: ಪಡಸಾಲಿ, ನಡುಮನಿ, ಅಡಗಿಮನಿ, ಕೊನೆಗೆ ಮಗ್ಗದ ಖೋಲಿ. ನಡುವೆ ಮೂರು ಗೋಡೆ. ಕಲ್ಲು ಮತ್ತು ಮಣ್ಣಿನ ಗೋಡೆಗಳು. ಟೇಪು ಹಿಡಿದು ಅಳೆದೆ, ಒಂದೊಂದೂ 22 ಇಂಚು. ಬೇಸಿಗೆಯಲ್ಲಿ ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪಾಗಿರುವುದು ಈ ಗೋಡೆಗಳ ಪುಣ್ಯ. ಶಾಖವನ್ನು ತಡೆಯುವ ಗೋಡೆ ವೈಫೈ ತರಂಗವನ್ನೂ ತಡೆಯುತ್ತದೆ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಇಂಟರ್‌ನೆಟ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ನಮ್ಮದು 40 ಎಂಬಿಪಿಎಸ್ (ಸೆಕೆಂಡಿಗೆ 40 ಮೆಗಾಬಿಟ್) ವೇಗದ ಫೈಬರ್ ಪ್ಲಾನ್. ಆ ಕಡೆಯವರು ನಾಲ್ಕು ಪ್ರಶ್ನೆ ಕೇಳಿ, 100ರ ಪ್ಲಾನಿಗೆ ಹೋಗಿರಿ, ತಿಂಗಳಿಗೆ 300 ರೂಪಾಯಿ ಹೆಚ್ಚು ಬೀಳುತ್ತದೆ, ಸರಿಹೋಗುತ್ತದೆ ಅಂದರು. ಹೂಂ ಅನ್ನುವವಳೇ ಇದ್ದೆ. ಅದೇ ಹೊತ್ತಿಗೆ ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮನ ಫೋನ್ ಬಂತು. ಅವನು ಕಂಪ್ಯೂಟರ್ ರಿಪೇರಿ ಕೆಲಸದವನು.

“ಯಕ್ಕಾ, ಟಾಕಿ ಒಳಗ ನೀರು ಐತೋ ಇಲ್ಲೋ ನೋಡದ, ಇನ್ನೊಂದು ಟಾಕಿ ಕಟ್ಟಸ್ತಿಯೇನ? ಮೊದಲ ಅಳೀ. ಬಾಗಲ ತನಕ ಎಷ್ಟ ಬರ್ತೈತಿ, ನಿನ್ನ ಖೋಲಿಗೆ ಎಷ್ಟ ಮುಟ್ಟತೈತಿ, ಎರಡೂ ಬರದಿಡು. ಆಮ್ಯಾಲ ರೊಕ್ಕದ ಮಾತ,” ಅಂದ.

ಆ ಒಂದು ಮಾತು ನನ್ನನ್ನು ಉಳಿಸಿತು.

ಕೆಟ್ಟ ಪ್ರೂಫ್ ಹಾಳೆಯೊಂದರ ಹಿಂಬದಿಗೆ ಪೆನ್ಸಿಲಿನಿಂದ ಮನೆಯ ನಕಾಶೆ ಬರೆದೆ. ಮೊದಲು ಲ್ಯಾಪ್‌ಟಾಪನ್ನು ಒಂದು ಮೀಟರ್ ಕೇಬಲ್‌ನಿಂದ ನೇರವಾಗಿ ರೌಟರಿಗೇ, ಅಂದರೆ ಮನೆಗೆಲ್ಲ ಇಂಟರ್‌ನೆಟ್ ಹಂಚುವ ಡಬ್ಬಿಗೇ, ಜೋಡಿಸಿ ವೇಗ ನೋಡಿದೆ. ಇಳಿಯುವುದು (ಡೌನ್‌ಲೋಡ್) 40, ಏರುವುದು (ಅಪ್‌ಲೋಡ್) 39. ಅಂದರೆ ಕಂಪನಿ ಕೊಡಬೇಕಾದದ್ದು ನಮ್ಮ ಪಡಸಾಲಿಯ ತನಕ ಸರಿಯಾಗಿಯೇ ಬರುತ್ತಿತ್ತು. 100 ತೆಗೆದುಕೊಂಡಿದ್ದರೆ ಪಡಸಾಲಿಯಲ್ಲಿ 100 ಬರುತ್ತಿತ್ತು, ಅಷ್ಟೇ. ನನ್ನ ಖೋಲಿಗೆ ಹನಿಯೂ ಹೆಚ್ಚು ಬರುತ್ತಿರಲಿಲ್ಲ.

ಆಮೇಲೆ ಕೇಬಲ್ ತೆಗೆದು ವೈಫೈಯಲ್ಲಿ ಒಂದೊಂದು ಖೋಲಿಗೆ ಹೋಗಿ ನಿಂತು ಬರೆದುಕೊಂಡೆ. ಪಡಸಾಲಿಯಲ್ಲಿ 38. ನಡುಮನಿಯಲ್ಲಿ 17. ಅಡಗಿಮನಿಯಲ್ಲಿ 6. ಮಗ್ಗದ ಖೋಲಿಯಲ್ಲಿ ಇಳಿಯುವುದು 1.5, ಏರುವುದು 0.8. ನಮ್ಮ ದೇಶದಲ್ಲಿ 2023ರಿಂದ ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕು ಎಂಬ ನಿಯಮವಿದೆ. ಆ ಲೆಕ್ಕಕ್ಕೆ ನನ್ನ ಖೋಲಿಯಲ್ಲಿ ಬ್ರಾಡ್‌ಬ್ಯಾಂಡೇ ಇರಲಿಲ್ಲ.

ಇಲ್ಲಿ ಒಂದು ಲೆಕ್ಕ ಬಿಡಿಸಿ ಹೇಳುತ್ತೇನೆ. ನನಗೂ ಇದು ಬಹಳ ವರ್ಷ ಗೊಂದಲವಾಗಿತ್ತು. ಫೈಲಿನ ಅಳತೆ ಮೆಗಾಬೈಟಿನಲ್ಲಿ, ಇಂಟರ್‌ನೆಟ್ ವೇಗ ಮೆಗಾಬಿಟ್ಟಿನಲ್ಲಿ. ಒಂದು ಬೈಟಿಗೆ ಎಂಟು ಬಿಟ್. ನನ್ನ 300 ಎಂಬಿ ಫೈಲು ಅಂದರೆ 2,400 ಮೆಗಾಬಿಟ್. ಅದನ್ನು 0.8ರಿಂದ ಭಾಗಿಸಿದರೆ 3,000 ಸೆಕೆಂಡು, ಐವತ್ತು ನಿಮಿಷ. 39ರಿಂದ ಭಾಗಿಸಿದರೆ ಒಂದು ನಿಮಿಷದ ಚಿಲ್ಲರೆ. ನಮ್ಮಂಥ ಫೈಲು ಕಳಿಸುವವರಿಗೆ ಇಳಿಯುವ ವೇಗಕ್ಕಿಂತ ಏರುವ ವೇಗ ಮುಖ್ಯ. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವುದು ಇಳಿಯುವುದನ್ನೇ. ಪ್ಲಾನ್ ತೆಗೆದುಕೊಳ್ಳುವಾಗ ಏರುವುದು ಎಷ್ಟು ಎಂದು ಕೇಳಲೇಬೇಕು.

ತಮ್ಮ ಹೇಳಿದಂತೆ ಫೋನಿಗೆ ವೈಫೈ ಅಳೆಯುವ ಆ್ಯಪ್ ಒಂದನ್ನು ಹಾಕಿಕೊಂಡೆ. ಅದು ಸಿಗ್ನಲ್ಲಿನ ಬಲವನ್ನು ಡಿಬಿಎಂನಲ್ಲಿ ತೋರಿಸುತ್ತದೆ. ಎಲ್ಲವೂ ಮೈನಸ್ ಸಂಖ್ಯೆ, ಶೂನ್ಯಕ್ಕೆ ಹತ್ತಿರ ಇದ್ದಷ್ಟು ಬಲ ಹೆಚ್ಚು. ಪಡಸಾಲಿಯಲ್ಲಿ −42, ನಡುಮನಿಯಲ್ಲಿ −61, ಅಡಗಿಮನಿಯಲ್ಲಿ −74, ಮಗ್ಗದ ಖೋಲಿಯಲ್ಲಿ −86. ನೋಡಲು ಸಣ್ಣ ವ್ಯತ್ಯಾಸ. ಆದರೆ ಈ ಅಳತೆಯಲ್ಲಿ 3 ಕಡಿಮೆಯಾದರೆ ಶಕ್ತಿ ಅರ್ಧ, 10 ಕಡಿಮೆಯಾದರೆ ಹತ್ತರಲ್ಲಿ ಒಂದು ಪಾಲು. 44 ಕಡಿಮೆ ಅಂದರೆ ಇಪ್ಪತ್ತೈದು ಸಾವಿರದಲ್ಲಿ ಒಂದು ಪಾಲು. ಮೂರು ಗೋಡೆ ದಾಟುವಷ್ಟರಲ್ಲಿ ಅಷ್ಟೇ ಉಳಿಯುತ್ತಿತ್ತು. ವಿಡಿಯೊ ಕಾಲ್ ತೊಂದರೆಯಿಲ್ಲದೆ ನಡೆಯಲು ಸುಮಾರು −67 ಆದರೂ ಬೇಕು. −80 ದಾಟಿತೆಂದರೆ ಫೋನಿನಲ್ಲಿ ಒಂದು ಗೆರೆ ಕಾಣಿಸಬಹುದು, ಕೆಲಸ ಆಗುವುದಿಲ್ಲ.

ಇನ್ನು ರೊಕ್ಕ ಖರ್ಚಿಲ್ಲದ ಕೆಲಸಗಳು. ರೌಟರ್ ಎಲ್ಲಿತ್ತು ಗೊತ್ತೇ? ಪಡಸಾಲಿಯ ಗೋಡೆಯ ಮಾಡದಲ್ಲಿ, ಹಿಂದೆ ದೀಪ ಇಡುತ್ತಿದ್ದ ಮಾಡದಲ್ಲಿ. ಚಂದ ಕಾಣುತ್ತದೆ ಎಂದು ಕನೆಕ್ಷನ್ ಕೊಟ್ಟ ದಿನವೇ ಅಲ್ಲಿ ಇಡಿಸಿದ್ದೆವು. ಮೂರು ಕಡೆ ಕಲ್ಲು, ನಾಲ್ಕನೇ ಕಡೆ ಅರ್ಧಕ್ಕೆ ಅಡ್ಡ ನಿಂತ ಉಕ್ಕಿನ ತಿಜೋರಿ. ಲೋಹ ತರಂಗವನ್ನು ಹೀರುವುದಿಲ್ಲ, ವಾಪಸ್ ಎಸೆಯುತ್ತದೆ. ಅಲ್ಲದೆ ನಮ್ಮ ಮನೆಯ ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿವೆ, ತಲೆಬಾಗಿಲಲ್ಲಿ ನಿಂತರೆ ಹಿತ್ತಲ ಬಾಗಿಲು ಕಾಣುತ್ತದೆ. ರೌಟರ್ ಆ ಸಾಲು ಬಿಟ್ಟು ಮೂಲೆಯಲ್ಲಿತ್ತು. ಮೂಲೆಯಿಂದ ಓರೆಯಾಗಿ ಹೋಗುವ ತರಂಗ ಗೋಡೆಯನ್ನೂ ಓರೆಯಾಗಿಯೇ ದಾಟಬೇಕು. 45 ಡಿಗ್ರಿ ಓರೆಯಲ್ಲಿ 22 ಇಂಚಿನ ಗೋಡೆ 31 ಇಂಚಿನದಾಗುತ್ತದೆ. ಇದನ್ನು ಹಾಳೆಯ ಮೇಲೆ ಗೆರೆ ಎಳೆದು ನೋಡಿದಾಗ ನನಗೆ ನಿಜವಾಗಿ ಖುಷಿಯಾಯಿತು. ತೊಂದರೆಯ ಮುಖ ಕಂಡಿತಲ್ಲ.

ರೌಟರನ್ನು ಬಾಗಿಲ ಸಾಲಿಗೆ, ಆಳೆತ್ತರದ ಹಲಗೆಯ ಮೇಲೆ ಇಡೋಣ ಎಂದು ಎಳೆದೆ. ಅಲ್ಲಿಯೇ ತಪ್ಪಾಯಿತು. ಫೈಬರ್ ತಂತಿ ತಾಮ್ರದ ತಂತಿಯಲ್ಲ. ಒಳಗೆ ಬೆಳಕು ಹರಿಯುವ ಗಾಜಿನ ಎಳೆ ಸುಮಾರು 9 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗೆ. ತಟಕ್ಕನೆ ಮಡಿಸಿದರೆ ಬೆಳಕು ಬಾಗುವಲ್ಲೇ ಸೋರಿಹೋಗುತ್ತದೆ. ನಾನು ಮೊಳೆಯೊಂದರ ಸುತ್ತ ಬಿಗಿಯಾಗಿ ತಿರುಗಿಸಿ ಎಳೆದಿದ್ದೆ. ಡಬ್ಬಿಯ ಮೇಲೆ ಕೆಂಪು ದೀಪ ಮಿಣುಕತೊಡಗಿತು. ಇಂಟರ್‌ನೆಟ್ ಪೂರ್ತಿ ಬಂದ್.

ಎರಡು ದಿನ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕಳೆದೆವು. ಮೂರನೇ ದಿನ ಬಂದ ಹುಡುಗ ಸಣ್ಣ ಮೀಟರ್ ಹಚ್ಚಿ ತಂತಿಯೊಳಗಿನ ಬೆಳಕಿನ ಬಲ ನೋಡಿ, “ಅಕ್ಕಾರ, ಮೈನಸ್ ಇಪ್ಪತ್ತೊಂಬತ್ತಕ್ಕ ಇಳದೈತ್ರಿ. ಇಪ್ಪತ್ತೇಳರ ಕೆಳಗ ಹೋದ್ರ ಡಬ್ಬಿಗೆ ಬೆಳಕ ಕಾಣಂಗಿಲ್ರಿ,” ಎಂದು ತಂತಿಯನ್ನು ಬಿಡಿಸಿ, ಬಳೆಯಷ್ಟು ಅಗಲ ಸುತ್ತಿ, ತುದಿ ಒರೆಸಿ ಹಾಕಿದ. −21ಕ್ಕೆ ಬಂತು. ಹಸಿರು ದೀಪ ಹತ್ತಿತು. ಈಗ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಫೈಬರ್ ಸರಿಸುವುದಿದ್ದರೆ ಅವರನ್ನೇ ಕರೆಯಿರಿ, ಇಲ್ಲವೇ ಬಳೆಗಿಂತ ಸಣ್ಣ ಸುತ್ತು ಹಾಕಬೇಡಿ. ಆ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೂ ಬೇಡಿ. ಅದರ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಇರುತ್ತದೆ.

ಜಾಗ ಬದಲಾದ ಮೇಲೆ ಮತ್ತೆ ಅಳೆದೆ. ಮಗ್ಗದ ಖೋಲಿ −86ರಿಂದ −79ಕ್ಕೆ ಬಂದಿತ್ತು. ಒಂದು ಪೈಸೆ ಖರ್ಚಿಲ್ಲದೆ ಐದು ಪಟ್ಟು ಶಕ್ತಿ. ವೇಗ 4ರ ಹತ್ತಿರ. ಓರೆಯಾಗಿ ಮಲಗಿಸಿದ್ದ ಆಂಟೆನಾಗಳನ್ನು ನೆಟ್ಟಗೆ ನಿಲ್ಲಿಸಿದೆ. ನಿಂತ ಆಂಟೆನಾದ ತರಂಗ ಅಡ್ಡಕ್ಕೆ ಹರಡುತ್ತದೆ, ನಮ್ಮದು ಅಡ್ಡಕ್ಕೇ ಉದ್ದವಾದ ಮನೆ.

ಚಾನೆಲ್ಲನ್ನೂ ಬದಲಿಸಿದೆ. ನಮ್ಮ ರೌಟರಿನ ವೈಫೈ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ನಡೆಯುತ್ತದೆ, ಪಟ್ಟಿಯೊಳಗಿನ ಒಂದೊಂದು ದಾರಿಯೇ ಚಾನೆಲ್. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11. ಆ್ಯಪಿನಲ್ಲಿ ನೋಡಿದರೆ ನಮ್ಮ ಓಣಿಯ ಏಳು ಮನೆಯವರು 6ರ ಮೇಲೇ ಇದ್ದರು, ನಾವೂ ಅದರಲ್ಲೇ. 11ಕ್ಕೆ ಹಾಕಿದೆ. ಹಗಲು ಏನೂ ಗೊತ್ತಾಗಲಿಲ್ಲ, ಎಲ್ಲರೂ ಮನೆಯಲ್ಲಿರುವ ರಾತ್ರಿ ಎಂಟರ ಮೇಲೆ ಗೊತ್ತಾಯಿತು. 5 ಗಿಗಾಹರ್ಟ್ಸ್ ಪಡಸಾಲಿಯಲ್ಲಿ ಬಲು ಚುರುಕು, ಅಡಗಿಮನಿ ಮುಟ್ಟುವುದರೊಳಗೆ ಮಾಯ. ವೇಗಕ್ಕೆ ಅದು, ಗೋಡೆ ದಾಟಲು 2.4.

ಇಲ್ಲಿಗೇ ನಿಂತು ವಿಚಾರ ಮಾಡಬೇಕಿತ್ತು. ನಾನು ಅವಸರ ಮಾಡಿ 1,200 ರೂಪಾಯಿಗೆ ಒಂದು ರಿಪೀಟರ್ ತಂದೆ. ಗೋಡೆಯ ಪ್ಲಗ್ಗಿಗೆ ಚುಚ್ಚುವ ಸಣ್ಣ ಡಬ್ಬಿ. ನನಗೆ ಸಿಗ್ನಲ್ ಬೇಕಾದದ್ದು ಮಗ್ಗದ ಖೋಲಿಯಲ್ಲಿ ಎಂದು ಅಲ್ಲೇ ಚುಚ್ಚಿದೆ. ಫೋನಿನಲ್ಲಿ ಗೆರೆಗಳೆಲ್ಲ ತುಂಬಿದವು, ವೇಗ ಮಾತ್ರ ಇದ್ದಷ್ಟೇ. ರಿಪೀಟರ್ ತನಗೆ ಕೇಳಿಸಿದ್ದನ್ನೇ ಮುಂದಕ್ಕೆ ಕೂಗುತ್ತದೆ, ಅದಕ್ಕೇ ಸರಿಯಾಗಿ ಕೇಳಿಸದಿದ್ದರೆ ಕೂಗುವುದಾದರೂ ಏನನ್ನು? ನಡುಮನಿಗೆ ತಂದು ಚುಚ್ಚಿದೆ. ಆಗ ಖೋಲಿಯಲ್ಲಿ 7 ಸಿಕ್ಕಿತು. ಕೇಳುವುದೂ ಕೂಗುವುದೂ ಒಂದೇ ರೇಡಿಯೊದಿಂದ, ಒಂದೇ ಚಾನೆಲ್ಲಿನಲ್ಲಿ ಆಗಬೇಕಾದ್ದರಿಂದ ಇಂಥ ಡಬ್ಬಿಗಳಲ್ಲಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಮಗನ ಆನ್‌ಲೈನ್ ಕ್ಲಾಸಿಗೆ 7 ಸಾಕಾಗಿತ್ತು. ನನ್ನ ಫೈಲಿಗೆ ಸಾಲಲಿಲ್ಲ.

ಮೆಶ್ ಎಂದು ಬರುತ್ತದಲ್ಲ, ಎರಡು ಮೂರು ಡಬ್ಬಿಯ ಜೋಡಿ, ಅದನ್ನೂ ನೋಡಿದೆ. ಅಂಗಡಿಯಲ್ಲಿ ಏಳು ಸಾವಿರದ ಮೇಲೆ ಹೇಳಿದರು. ಒಳ್ಳೆಯ ವಸ್ತುವೇ. ಆದರೆ ಡಬ್ಬಿ ಡಬ್ಬಿಗಳ ನಡುವೆ ತಂತಿ ಇಲ್ಲದಿದ್ದರೆ ಅವೂ ಇದೇ 22 ಇಂಚಿನ ಗೋಡೆಯ ಮೂಲಕವೇ ಮಾತಾಡಬೇಕು. ಇಟ್ಟಿಗೆಯ ತೆಳು ಗೋಡೆಯ ಮನೆಯವರು ಅದನ್ನು ಖಂಡಿತ ವಿಚಾರ ಮಾಡಲಿ. ಕಲ್ಲಿನ ಮನೆಗೆ ತಂತಿಯೇ ಗತಿ ಎಂದು ಆ ದಿನ ತೀರ್ಮಾನಿಸಿದೆ.

ತಂತಿ ಎಳೆಯುವುದು ಎಲ್ಲಿಂದ? ಅಷ್ಟು ದಪ್ಪ ಗೋಡೆಗೆ ಡ್ರಿಲ್ ಹಾಕಿದರೆ ಒಳಗಿನ ಮಣ್ಣು ಸುರಿಯುತ್ತದೆ, ಕಲ್ಲು ಸಡಿಲಾಗುತ್ತದೆ. ನಮ್ಮ ಮನೆಯವರು, ಬೆಳಕಿಂಡಿಯಿಂದ ಹೊರಗೆ ತೆಗೆದು ಮಾಳಗಿಯ ಮೇಲೆ ಹಾಸಿ ಹಿಂದೆ ಇಳಿಸೋಣ ಅಂದರು. ಸುಲಭದ ಹಾದಿ. ತಮ್ಮ ಫೋನಿನಲ್ಲೇ ಬೇಡ ಅಂದ. ಬಿಸಿಲಿಗೆ ಹೊದಿಕೆ ಒಡೆಯುತ್ತದೆ, ಅದಕ್ಕಿಂತ ದೊಡ್ಡದು ಸಿಡಿಲು. ಅಡ್ಡಮಳೆಯ ದಿನಗಳಲ್ಲಿ ಹತ್ತಿರದಲ್ಲಿ ಸಿಡಿಲು ಬಿದ್ದರೂ ಬಯಲಿನಲ್ಲಿ ಮಲಗಿದ ತಾಮ್ರದ ತಂತಿಯಲ್ಲಿ ಒಮ್ಮೆಲೇ ವೋಲ್ಟೇಜ್ ಏಳುತ್ತದೆ, ಎರಡೂ ಕಡೆಯ ಡಬ್ಬಿ ಸುಟ್ಟುಹೋಗುತ್ತವೆ.

ಅಡಗಿಮನಿಯ ಗೋಡೆಗೆ ಬಾಗಿಲ ಮೇಲೆ ಹೊಗೆ ಹೋಗಲು ಬಿಟ್ಟ ಕಿಂಡಿ ಇದೆ, ಮಗ್ಗದ ಖೋಲಿಯ ಗೋಡೆಗೂ ಅಂಥದ್ದೇ ಒಂದು. ಉಳಿದದ್ದು ಪಡಸಾಲಿ ಮತ್ತು ನಡುಮನಿಯ ನಡುವಿನ ಗೋಡೆ. ಏಣಿ ಹಾಕಿಕೊಂಡು ಟಾರ್ಚ್ ಹಿಡಿದು ಅರ್ಧ ತಾಸು ಹುಡುಕಿದೆ. ಕೆಳಗೆ ಕೂತು ಅಕ್ಕಿ ಆರಿಸುತ್ತಿದ್ದ ಅತ್ತಿ ತಲೆ ಎತ್ತದೆ ಕೇಳಿದರು, “ಏನ ಹುಡಕಾಕತ್ತಿ?”

“ತಂತಿ ದಾಟಸಾಕ ಒಂದ ತೂತ ಬೇಕಾಗಿತ್ರಿ, ಅತ್ತಿ.”

“ನಡುವಿನ ತೊಲಿ ಬಲಮಗ್ಗಲ ನೋಡು. ನಿಮ್ಮ ಮಾವ ಮೊದಲ ಲೈಟ್ ಹಾಕಿಸಿದಾಗ ಅಲ್ಲೇ ವೈರ್ ದಾಟಿಸಿದ್ರು. ಮ್ಯಾಲ ಚಿಂದಿ ತುರುಕಿ ಸುಣ್ಣಾ ಬಳದೈತಿ.”

ಉಳಿಯ ತುದಿಯಿಂದ ಸುಣ್ಣ ಕೆರೆದೆ. ಗಟ್ಟಿಯಾಗಿ ಸುತ್ತಿ ತುರುಕಿದ್ದ ಬಟ್ಟೆ ಸಿಕ್ಕಿತು. ಎಳೆದರೆ ಬಂದದ್ದು ಕೆಂಪು ಅಂಚಿನ ಇಳಕಲ್ ಸೀರೆಯ ತುಂಡು, ಧೂಳಿನಲ್ಲೂ ಬಣ್ಣ ಬಿಟ್ಟಿರಲಿಲ್ಲ. ಹಿಂದೆ ಹೆಬ್ಬೆಟ್ಟು ಹೋಗುವಷ್ಟು ನೆಟ್ಟನೆಯ ತೂತು, ಆ ಕಡೆಯ ಬೆಳಕು ಕಾಣುತ್ತಿತ್ತು. ವೈರಿಂಗ್ ಬದಲಿಸಿದ ಮೇಲೆ ಅದು ಖಾಲಿ ಉಳಿದಿತ್ತು. ಅತ್ತಿ ಆ ತುಂಡನ್ನು ಕೈಗೆ ತೆಗೆದುಕೊಂಡು ಅಂಚು ಸವರಿ, ಝಾಡಿಸಿ, ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹಾದಿಯನ್ನು ಹುರಿಯಿಂದ ಅಳೆದೆ. ತೊಲೆಯ ಮೇಲೆ, ಕಿಂಡಿಯ ಒಳಗೆ, ಮೂಲೆ ಮೂಲೆಯಲ್ಲೂ ಹುರಿ ಹಿಡಿದು ಕೊನೆಗೆ ನೆಲದ ಮೇಲೆ ಹಾಸಿ ಟೇಪು ಹಿಡಿದರೆ 23 ಮೀಟರ್. 30 ಮೀಟರ್ ನೆಟ್‌ವರ್ಕ್ ಕೇಬಲ್ ತಂದೆ. ಈ ಕೇಬಲ್ಲಿನಲ್ಲಿ 100 ಮೀಟರ್ ತನಕ ವೇಗ ಇಳಿಯುವುದಿಲ್ಲ. ನಮಗೆ ಅದರ ಕಾಲುಭಾಗವೂ ಬೇಕಿರಲಿಲ್ಲ.

ಗದಗಿನ ಅಂಗಡಿಯಲ್ಲಿ ಎರಡು ಸುರುಳಿ ತೋರಿಸಿದರು. ಒಂದು ಮೀಟರಿಗೆ 12, ಇನ್ನೊಂದು 22. ಎರಡರ ಮೇಲೂ ಕ್ಯಾಟ್ 6 (ಇಂಥ ಕೇಬಲ್ಲಿನ ಒಂದು ದರ್ಜೆ) ಎಂದೇ ಬರೆದಿತ್ತು. ಅಂಗಡಿಯವರು ಒಳ್ಳೆಯವರು. ಎರಡರದೂ ಒಂದೊಂದು ಎಳೆ ಸುಲಿದು ಬ್ಲೇಡಿನಿಂದ ಕೆರೆದು ತೋರಿಸಿದರು. ಅಗ್ಗದ್ದು ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ, ಅಷ್ಟೇ. ಇನ್ನೊಂದು ಒಳಗೂ ಕೆಂಪು. “ಈ ಬಿಳೀದು ಒಂದೆರಡ ಸಲ ಬಗ್ಗಿಸಿದ್ರ ಮುರೀತೈತ್ರಿ ಅಕ್ಕಾರ. ತೊಲಿ ಮ್ಯಾಲ ಹಾಕಿದ್ದನ್ನ ಮತ್ತ ಮತ್ತ ಇಳಸಾಕ ಆಗಂಗಿಲ್ಲ. ತಾಮ್ರದ್ದ ಒಯ್ರಿ,” ಅಂದರು. 660 ರೂಪಾಯಿ ಕೊಟ್ಟು ತಾಮ್ರದ್ದನ್ನೇ ತಂದೆ. ಹತ್ತು ಕನೆಕ್ಟರ್ 80, ಕ್ರಿಂಪಿಂಗ್ ಇಕ್ಕಳ 350, ಕ್ಲಿಪ್ಪಿನ ಪಾಕೀಟು 60.

ಭಾನುವಾರ ತಮ್ಮ ಬರುವವನಿದ್ದ, ಹುಬ್ಬಳ್ಳಿಯಿಂದ ಒಂದೂವರೆ ತಾಸಿನ ಹಾದಿ. ಏನೋ ಕೆಲಸ ಬಿದ್ದು ಬರಲಾಗಲಿಲ್ಲ. ವಿಡಿಯೊ ಕಾಲಿನಲ್ಲಿ ತೋರಿಸುತ್ತೇನೆ, ನೀನೇ ಮಾಡು ಅಂದ. ಎಳೆಯುವುದು ಸಲೀಸಾಯಿತು. ಕಟ್ಟು ತಂತಿಯ ತುದಿಗೆ ಕೇಬಲ್ ಕಟ್ಟಿ ಆ ಕಡೆಯಿಂದ ಮಗ ಜಗ್ಗಿದ. ಕರೆಂಟಿನ ಪೈಪಿನಿಂದ ಗೇಣು ದೂರ ಇರುವಂತೆ ತೊಲೆಯ ಇನ್ನೊಂದು ಮಗ್ಗುಲಿಗೆ ಕ್ಲಿಪ್ ಹೊಡೆದೆವು. ಇಲಿ ಓಡಾಡುವ ಮೂಲೆ ಬಿಟ್ಟು ಸ್ವಲ್ಪ ಸುತ್ತು ಹಾಕಿದೆವು.

ಕಷ್ಟವಾದದ್ದು ತುದಿಗೆ ಕನೆಕ್ಟರ್ ಹಾಕುವುದು. ಕೇಬಲ್ಲಿನ ಒಳಗೆ ಎಂಟು ಎಳೆ, ಎರಡೆರಡು ಹೆಣೆದುಕೊಂಡಿರುತ್ತವೆ. ಬಿಡಿಸಿ, ನೆಟ್ಟಗೆ ಮಾಡಿ, ಸಾಲಾಗಿ ಹಿಡಿಯಬೇಕು: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಆ ಸಾಲು ಕೆಡದಂತೆ ಒಮ್ಮೆಗೇ ಕತ್ತರಿಸಿ ಎಂಟು ಸಣ್ಣ ಕಾಲುವೆಯೊಳಗೆ ತುದಿ ಮುಟ್ಟುವ ತನಕ ನೂಕಬೇಕು. ಮೊದಲನೆಯದು ಕೆಟ್ಟಿತು. ಎರಡನೆಯದರಲ್ಲಿ ಹಸಿರು ಎಳೆ ಹಿಂದೆ ಉಳಿಯಿತು. ಮೂರನೆಯದಕ್ಕೆ ಕೈ ಬೆವತು ನೀಲಿಯೂ ಹಸಿರೂ ಅದಲುಬದಲಾದವು.

ಅತ್ತಿ ಬಂದು ಮುಂದೆ ಕೂತರು. “ಕೊಡಿಲ್ಲೆ. ಎಷ್ಟ ಎಳಿ ಅದಾವ?”

“ಎಂಟ ರೀ.”

“ಎಂಟ ಎಳಿಗೆ ಇಷ್ಟ ಒದ್ದಾಡ್ತೀಯಾ? ಸಾವಿರಗಟ್ಲೆ ಎಳಿ ಕೆಚ್ಚೀನಿ ನಾ.”

ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಹಾಸಿನ ಎಳೆಗೆ ಹೊಸೆದು ಕೂಡಿಸುವುದಕ್ಕೆ ಕೆಚ್ಚುವುದು ಅನ್ನುತ್ತಾರೆ. ಬೆಟಗೇರಿಯ ನೇಕಾರರ ಮನೆಗಳಲ್ಲಿ ಹೆಂಗಸರು ಹಗಲೆಲ್ಲ ಕೂತು ಮಾಡುತ್ತಿದ್ದ ಕೆಲಸ. ಅತ್ತಿ ಹೆಬ್ಬೆರಳಿಗೆ ಸ್ವಲ್ಪ ಬೂದಿ ಹಚ್ಚಿಕೊಂಡರು, ಬೆವರು ಜಾರದಿರಲೆಂದು. ಎಡಗೈಯ ಎರಡು ಬೆರಳ ನಡುವೆ ಕೇಬಲ್ ಹಿಡಿದು, ಬಲಗೈಯ ಉಗುರಿನಿಂದ ಒಂದೊಂದೇ ಎಳೆಯನ್ನು ಬುಡದಿಂದ ತುದಿಗೆ ಎಳೆದು ನೆಟ್ಟಗೆ ಮಾಡಿದರು. ನಾನು ಬಣ್ಣ ಹೇಳುತ್ತ ಹೋದೆ, ಅವರು ಪಕ್ಕಪಕ್ಕಕ್ಕೆ ಕೂರಿಸುತ್ತ ಹೋದರು. ಎಂಟೂ ಒಂದು ಪಟ್ಟಿಯ ಹಾಗೆ ನಿಂತವು. ನಾನು ಕತ್ತರಿಸಿದೆ, ಅವರು ಅಲುಗಾಡದೆ ಹಿಡಿದಿದ್ದರು, ಕನೆಕ್ಟರ್ ತೊಡಿಸಿ ಇಕ್ಕಳ ಒತ್ತಿದೆ. ಟಕ್ ಎಂದಿತು. ಇನ್ನೊಂದು ತುದಿಯನ್ನೂ ಹಾಗೆಯೇ ಮಾಡಿದೆವು. ಲ್ಯಾಪ್‌ಟಾಪ್ ಚುಚ್ಚಿದರೆ 1 ಗಿಗಾಬಿಟ್ (1,000 ಎಂಬಿಪಿಎಸ್) ಲಿಂಕ್ ತೋರಿಸಿತು. ಎಂಟರಲ್ಲಿ ಒಂದು ಎಳೆ ಸರಿಯಾಗಿ ತಾಗದಿದ್ದರೂ ಅದು 100ಕ್ಕೆ ಬೀಳುತ್ತದೆ, ಇಲ್ಲವೇ ಲಿಂಕೇ ಹತ್ತುವುದಿಲ್ಲ. ಎಂಟೂ ತಾಗಿದ್ದವು. ನನ್ನ ಕಣ್ಣಲ್ಲಿ ನೀರು ಬಂತು.

ಆ ತುದಿಗೆ ಹೊಸ ಡಬ್ಬಿ ಬೇಕಾಗಿಲ್ಲ. ತಮ್ಮನ ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ರೌಟರ್ ಒಂದನ್ನು 500 ರೂಪಾಯಿಗೆ ಬಸ್ಸಿನಲ್ಲಿ ಕಳಿಸಿದ್ದ. 2.4 ಗಿಗಾಹರ್ಟ್ಸಿನದು, ಅದರ ಪೋರ್ಟುಗಳು 100 ಎಂಬಿಪಿಎಸ್‌ನವು. ನಮ್ಮ 40ಕ್ಕೆ ಧಾರಾಳ. ಆದರೆ ಅದನ್ನು ರೌಟರಿನ ಕೆಲಸ ಬಿಡಿಸಿ ಬರೀ ವೈಫೈ ಹಂಚುವ ಕೆಲಸಕ್ಕೆ ಹಚ್ಚಬೇಕು. ಅದರಲ್ಲಿ ಮೊದಲ ಸಲ ಎಡವಿದೆ. ಎರಡೂ ಡಬ್ಬಿ ಮನೆಯ ಫೋನುಗಳಿಗೆ ವಿಳಾಸ ಹಂಚತೊಡಗಿದವು. ಫೋನು ಕನೆಕ್ಟೆಡ್ ಅನ್ನುತ್ತಿತ್ತು, ಇಂಟರ್‌ನೆಟ್ ಇಲ್ಲ ಅನ್ನುತ್ತಿತ್ತು. ಒಂದು ಮನೆಗೆ ಒಬ್ಬರೇ ಹಂಚುವವರಿರಬೇಕು. ಸರಿಯಾದ ಕ್ರಮ ಹೀಗಿದೆ. ಹಳೆಯ ಡಬ್ಬಿಗೆ ಲ್ಯಾಪ್‌ಟಾಪ್ ಒಂದನ್ನೇ ಜೋಡಿಸಿ, ಮೊದಲು ಅದರ ವಿಳಾಸ ಬದಲಿಸಬೇಕು. ಪಡಸಾಲಿಯದು 192.168.1.1 ಇದ್ದರೆ ಇದಕ್ಕೆ 192.168.1.2. ಅದೇ ವಿಳಾಸದಿಂದ ಮತ್ತೆ ಒಳಗೆ ಹೋಗಿ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್ ಮಾಡಬೇಕು. ವೈಫೈಗೆ ಪಡಸಾಲಿಯದೇ ಹೆಸರು, ಅದೇ ಪಾಸ್‌ವರ್ಡ್, ಚಾನೆಲ್ ಮಾತ್ರ ಬೇರೆ: ಅದು 11, ಇದು 1. ಕೊನೆಗೆ ಪಡಸಾಲಿಯಿಂದ ಬಂದ ಕೇಬಲ್ಲನ್ನು ವ್ಯಾನ್ (ಹೊರಗಿನ ಇಂಟರ್‌ನೆಟ್‌ಗೆ) ಎಂದು ಬರೆದ ಪೋರ್ಟಿಗಲ್ಲ, ಲ್ಯಾನ್ (ಮನೆಯೊಳಗಿನ ಜೋಡಣೆಗೆ) ಪೋರ್ಟಿಗೆ ಚುಚ್ಚಬೇಕು. ಉಳಿದ ಇನ್ನೊಂದು ಲ್ಯಾನ್ ಪೋರ್ಟಿನಿಂದ ನನ್ನ ಕಂಪ್ಯೂಟರಿಗೆ ನೇರ ತಂತಿ. ಕದಲದೆ ಕೂತಿರುವ ಯಂತ್ರಕ್ಕೆ ವೈಫೈ ಯಾತಕ್ಕೆ?

ಕರೆಂಟ್ ಹೋದಾಗ ಎರಡೂ ಡಬ್ಬಿ ಆರಿಹೋಗುವ ಕಾಟವೂ ಇತ್ತು. ಪಡಸಾಲಿಯ ಡಬ್ಬಿಗೆ 1,150 ರೂಪಾಯಿಯ ಸಣ್ಣ ಯುಪಿಎಸ್ ತಂದೆ. ಅದರಿಂದಲೇ ಹಳೆಯದಕ್ಕೂ ಕೊಡೋಣ ಎಂದರೆ ಅಡಾಪ್ಟರ್ ಮೇಲೆ 9 ವೋಲ್ಟ್ ಎಂದು ಬರೆದಿತ್ತು, ಯುಪಿಎಸ್ ಕೊಡುವುದು 12. ಪಿನ್ ಎರಡಕ್ಕೂ ಒಂದೇ ಅಳತೆಯದು, ಚುಚ್ಚಿದ್ದರೆ ಸುಟ್ಟುಹೋಗಬಹುದಿತ್ತು. ಅದನ್ನು ಕಂಪ್ಯೂಟರಿನ ಯುಪಿಎಸ್‌ಗೇ ಹಾಕಿದೆ.

ಒಟ್ಟು 2,800 ರೂಪಾಯಿ. ರಿಪೀಟರಿನದು ಸೇರಿಸಿದರೆ 4,000. ನೂರರ ಪ್ಲಾನಿಗೆ ಹೋಗಿದ್ದರೆ ವರ್ಷಕ್ಕೆ 3,600 ಹೆಚ್ಚು ಕಟ್ಟುತ್ತಿದ್ದೆ, ವರ್ಷ ವರ್ಷವೂ ಕಟ್ಟುತ್ತಿದ್ದೆ, ಪಡಸಾಲಿಯ ಕತ್ತಲಲ್ಲೇ ಕೂತಿರುತ್ತಿದ್ದೆ. ರಿಪೀಟರ್ ಈಗ ನಾದಿನಿಯ ಮನೆಯಲ್ಲಿದೆ. ಅವರದು ಇಟ್ಟಿಗೆಯ ಎರಡು ಖೋಲಿ, ಅಲ್ಲಿ ಅದು ಚೆನ್ನಾಗಿ ನಡೆಯುತ್ತಿದೆ.

ಅದೇ ಪ್ರೂಫ್ ಹಾಳೆಯ ಮೇಲೆ ಕೆಂಪು ಪೆನ್ನಿನಿಂದ ಹೊಸ ಅಂಕಿ ಬರೆದೆ. ಮಗ್ಗದ ಖೋಲಿಯಲ್ಲಿ −45, ತಂತಿಯಲ್ಲಿ ಇಳಿಯುವುದು 39, ಏರುವುದು 38. ಅಡಗಿಮನಿಯಲ್ಲಿ −60, ಈಗ ಹಿಂದಿನ ಡಬ್ಬಿಯಿಂದ. ಹಿತ್ತಲಿನ ಬೇವಿನ ಮರದ ತನಕವೂ ಹೋಗುತ್ತದೆ, ಅತ್ತಿ ಸಂಜೆ ಅಲ್ಲೇ ಕೂತು ಪ್ರವಚನ ಕೇಳುತ್ತಾರೆ. ದೂರದಲ್ಲಿ ಗುಡುಗು ಕೇಳಿಸಿತೆಂದರೆ ಎರಡೂ ಕಡೆಯ ಪ್ಲಗ್ ಕೀಳುವ ಜವಾಬ್ದಾರಿ ಅವರದೇ.

ಕ್ಯಾಲೆಂಡರಿನ ಕೊನೆಯ ಫೈಲು, 310 ಎಂಬಿ, ರಾತ್ರಿ ಹತ್ತಕ್ಕೆ ನನ್ನ ಟೇಬಲ್ಲಿನಿಂದಲೇ ಕಳಿಸಿದೆ. ಪ್ರೆಸ್ಸಿನವರಿಗೆ ಫೋನ್ ಮಾಡಿ, “ಕಳಿಸಾಕತ್ತೀನ್ರಿ” ಎಂದು ಹೇಳಿ ಇಡುವಷ್ಟರಲ್ಲಿ ಮುಗಿದಿತ್ತು. ಪಡಸಾಲಿಯ ದೀಪ ಆರಿತ್ತು.

ಹೋದ ವಾರ ಹಿಂದಿನ ಓಣಿಯ ಅಕ್ಕ ಬಂದಿದ್ದಳು. ಅವರದೂ ಮಾಳಗಿ ಮನೆ, ಮಗಳು ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಾಳೆ, ಮೀಟಿಂಗ್ ಇದ್ದಾಗಲೆಲ್ಲ ಕಟ್ಟೆಯ ಮೇಲೆ ಬಂದು ಕೂರಬೇಕು. “ದೊಡ್ಡ ಪ್ಲಾನ್ ತಗೊಳ್ಳೂಣೇನ?” ಎಂದು ಕೇಳಿದಳು. ನಾನು ಟೇಪು, ಹುರಿಯ ಉಂಡೆ, ಒಂದು ಮೀಟರ್ ಕೇಬಲ್, ಒಂದು ಖಾಲಿ ಪ್ರೂಫ್ ಹಾಳೆ ತೆಗೆದುಕೊಂಡು ಅವಳ ಜೊತೆಗೇ ಹೊರಟೆ. ಅವರ ಪಡಸಾಲಿಯಲ್ಲಿ ಮೊದಲ ಅಂಕಿ −44 ಬಂತು. ಬರೆದುಕೊಂಡು ನಡುಮನಿಗೆ ಹೋದೆವು.